ಬಲೂನಿನ ಕೆಳಗೆ ಇಟ್ಟ ಎಡೆ

ಗೆಟ್ಟವಾಡಿಯ ಕಾಡಂಚಿನಲ್ಲಿ ಪೊಲೀಸ್ ಕ್ಯಾಂಪು ಬಂತು. ಅದರ ನೆತ್ತಿಗೆ ಹಗ್ಗ ಕಟ್ಟಿದ ಬಿಳಿ ಬಲೂನೊಂದು ಏರಿತು. ಬಲೂನಿನ ಹೊಟ್ಟೆಯಡಿ ಕ್ಯಾಮೆರಾ. ಕಾಡುಗಳ್ಳರ ಮೇಲೆ ಯುದ್ಧವಂತೆ. ಅಂದಿನಿಂದ ಬಯಲಿಗೆ ಹೋಗುವ ಹೆಂಗಸರಿಗೆ ಎಷ್ಟು ಪೊದೆಯಿದ್ದರೂ ಸಾಲದಾಯಿತು. "ಯುದ್ಧ ಮಾಡೋರು ನಮ್ಮ ಕುಂಡಿ ಯಾಕವ್ವ ನೋಡ್ತರ?" ಎಂದು ಪುಟ್ಟಮಾದಮ್ಮ ಕೇಳಿದಾಗ ಕೂಲಿಯ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕಿದ್ದರು.

ಈಗ ಅವಳ ಗಂಡ ಚಿಕ್ಕಮಾದನೇ ಆ ಕ್ಯಾಂಪಿನೊಳಗಿದ್ದ. ನಗುವವರು ಯಾರೂ ಇರಲಿಲ್ಲ.

ಗಂಡನನ್ನು ಬಿಡಿಸಿಕೊಳ್ಳಲು ಬಂದ ಅವಳ ಮುಂದೆ ಅಧಿಕಾರಿ ಫೋಟೋ ತಳ್ಳಿದ. ಮೇಲಿನಿಂದ ತೆಗೆದದ್ದು, ಹುಣಸೆ ಮರದ ಪಕ್ಕ ಚಿಕ್ಕಮಾದ ಇರುವೆಯಷ್ಟಿದ್ದ. "ಮುದ್ದೆ, ಕೋಳಿಸಾರು, ಹೊಗೆಸೊಪ್ಪು, ಹೊಸ ಸೀರೆ. ಯಾವ ಕಾಡುಗಳ್ಳನಿಗೆ ಇಟ್ಟು ಬಂದ?"

"ನಮ್ಮತ್ತಗ ಕಣ ಸಾಮಿ."

"ಎಲ್ಲಿದ್ದಾಳೆ ನಿಮ್ಮತ್ತೆ?"

"ಅಲ್ಲೇ, ಮಣ್ಣೊಳಗ. ತಿಥಿ ಎಡೆ ಅದು."

"ನಮ್ಮವರು ನಿಲ್ಲು ಅಂತ ಕೂಗಿದರು. ತಿರುಗಿಯೂ ನೋಡದೆ ಯಾಕೆ ನಡೆದ?"

"ಎಡೆ ಇಟ್ಟೋನು ತಿರುಗಿ ನೋಡ್ಬಾರ್ದು. ನೋಡುದ್ರ ಸತ್ತೋರು ಇಂದಿಂದ್ಲೇ ಮನಗ ಬಂದ್ಬುಡ್ತರ. ನಿಮ್ಮೂರಲ್ಲಿ ಯಾರೂ ಸಾಯಾದೇ ಇಲ್ವ?"

ಪೇದೆಯೊಬ್ಬ ನಗು ನುಂಗಿಕೊಂಡ. ಅಧಿಕಾರಿಯ ಮುಖ ಬಿಗಿಯಿತು. "ಅಗೆದು ನೋಡುತ್ತೇವೆ. ಹೆಣ ಸಿಕ್ಕರೆ ಗಂಡನನ್ನು ಕರೆದುಕೊಂಡು ಹೋಗು. ಬಂದೂಕು ಸಿಕ್ಕರೆ ನೀನೂ ಒಳಗೆ."

ಪುಟ್ಟಮಾದಮ್ಮ ಫೋಟೋದಲ್ಲಿದ್ದ ಹುಣಸೆ ಮರವನ್ನು ನೋಡಿದಳು. ಅತ್ತೆ ಶಿವಮಲ್ಲಮ್ಮನ ಬಾಯಿಂದ ಬೈಸಿಕೊಳ್ಳದ ದಿನವಿರಲಿಲ್ಲ, ನಿಜ. ಆದರೆ ಸಾಯುವ ಗಳಿಗೆಯಲ್ಲೂ ತಲೆಯ ಸೆರಗು ಜಾರದಂತೆ ಹಿಡಿದಿದ್ದ ಮುದುಕಿ ಅದು. ಬೇಡವೆಂದರೆ ಗಂಡ ಹೊರಗೆ ಬರುವುದಿಲ್ಲ. "ಅಗೀರಿ," ಎಂದಳು. ಆ ಮಾತು ಬಾಯಲ್ಲಿ ಬೇವಿನಂತೆ ಕಹಿಯಾಯಿತು.

ಕುಂಟುತ್ತಿದ್ದ ಚಿಕ್ಕಮಾದನನ್ನೂ ಮರದಡಿಗೆ ತಂದರು. ಪೇದೆಗಳು ತಾವಾಗಿಯೇ ಬೂಟು ಕಳಚಿ ಗುದ್ದಲಿ ಹಿಡಿದರು. ಸ್ವಲ್ಪ ಹೊತ್ತಿಗೇ ಹೆಣಕ್ಕೆ ಉಡಿಸಿದ್ದ ಕೆಂಪು ಸೀರೆಯ ಅಂಚು ಕಂಡಿತು. ಜೊತೆಗೇ ವಾಸನೆ ಎದ್ದಿತು.

"ಸರಿ. ಬಿಡಿ ಅವನನ್ನು," ಅಧಿಕಾರಿ ಕರವಸ್ತ್ರ ಮೂಗಿಗೊತ್ತಿ ಜೀಪು ಹತ್ತಿದ.

ಪುಟ್ಟಮಾದಮ್ಮ ಜೀಪಿಗೆ ಅಡ್ಡ ನಿಂತಳು. "ಮುಚ್ಬುಟ್ಟು ಓಗಿ."

"ಪೇದೆಗಳು ಮುಚ್ಚುತ್ತಾರೆ."

"ಅವ್ರಲ್ಲ, ನೀವು. ಅಷ್ಟೆತ್ತರದಿಂದ ನೋಡುದ್ರಲ್ಲ, ಅಳ್ಳಿಯೊಳಕ ಬಂದು ಒಂದು ಮಾತ ಕೇಳಕ ಆಗ್ನಿಲ್ವ?"

"ಬುಡಮ್ಮಿ, ಮನಗ ಓಗಮ," ಚಿಕ್ಕಮಾದ ಅವಳ ತೋಳು ಎಳೆದ.

"ಅಲ್ಲಿ ಬಿದ್ದಿರಾದು ನಿಮ್ಮವ್ವ ಕಣ!"

ಅವನು ಕೈ ಬಿಟ್ಟ. ಜೀಪು ಹಾರ್ನ್ ಹೊಡೆಯಿತು, ಅವಳು ಕದಲಲಿಲ್ಲ. ಪೇದೆಗಳು ಗುದ್ದಲಿಗೆ ಒರಗಿ ನೆಲ ನೋಡುತ್ತಿದ್ದರೇ ಹೊರತು ಒಬ್ಬನೂ ಮಣ್ಣು ಎಳೆಯಲಿಲ್ಲ. ಕೊನೆಗೆ ಅಧಿಕಾರಿ ಹಲ್ಲು ಕಚ್ಚಿಕೊಂಡು ಇಳಿದು ಬಂದ, ಬೂಟಿನ ತುದಿಯಿಂದ ಒಂದು ಹೆಂಟೆಯನ್ನು ಗುಂಡಿಗೆ ದೂಡಿದ.

"ಕಾಲಲ್ಲಿ ಅಲ್ಲ," ಎಂದಳು ಪುಟ್ಟಮಾದಮ್ಮ. "ಕೈಲಿ."