ತೊಂಬತ್ತೇಳು ಅಂಕ

ಭೂಮಿಯ ಜ್ವರ ಇಳಿಸುವ ಹೊಣೆ ತಮ್ಮೊಬ್ಬರ ತಲೆ ಮೇಲಿದೆ ಎಂದು ವಿಜ್ಞಾನದ ಮೇಷ್ಟ್ರು ನಂಬಿದ್ದರು. ನಂಬಲಿ, ಯಾರು ಬೇಡ ಅಂದರು? 'ಮನೆಗೆ ಮಾರಿ, ಪರರಿಗೆ ಉಪಕಾರಿ' ಎಂದು ಹೆಂಡತಿ ಗೊಣಗಿಕೊಂಡು ಸುಮ್ಮನಿದ್ದಳು. ಕಷ್ಟ ಶುರುವಾದದ್ದು, ಹಿಮಗಡ್ಡೆ ಕರಗುವ ಪಾಠದ ನಡುವೆ ಒಬ್ಬ ಹುಡುಗಿ ಎದ್ದು, "ಸಾರ್, ಮತ್ತೆ ನಿಮ್ಮ ವ್ಯಾನ್ ಯಾಕೆ ಅಷ್ಟೊಂದು ಹೊಗೆ ಬಿಡತ್ತೆ?" ಎಂದು ಕೇಳಿದ ದಿನ. ತರಗತಿಯೆಲ್ಲ ಗೊಳ್ಳೆಂದಿತು. ಮೇಷ್ಟ್ರು ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಡೀಸೆಲ್ ವ್ಯಾನನ್ನು ಗುಜರಿಗೆ ತಳ್ಳಿ, ಯಾರೋ ಹಲ್ಲಿನ ಡಾಕ್ಟರು ಆರು ವರ್ಷ ಓಡಿಸಿದ್ದ ಹೈಬ್ರಿಡ್ ಕಾರನ್ನು ತಂದು ಮನೆ ಮುಂದೆ ನಿಲ್ಲಿಸಿದರು.

ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿದರೆ ಅದು ಬ್ಯಾಟರಿಯಲ್ಲೇ ಸದ್ದಿಲ್ಲದೆ ಹೋಗುತ್ತಿತ್ತು. ಜೋರಾಗಿ ಒತ್ತಿದರೆ ಇಂಜಿನ್ ಎದ್ದು ಪೆಟ್ರೋಲ್ ಕುಡಿಯುತ್ತಿತ್ತು.

"ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತಂತೆ. ಎರಡನ್ನೂ ಒಂದೇ ಗಾಡಿಗೆ ಕಟ್ಟಿದಾರಲ್ಲ ಅಳಿಯಂದ್ರೇ!" ಎಂದರು ಮಾವ.

ಮಾವ ಮೂವತ್ತೆರಡು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಹೆಂಡತಿ ಹೋದ ಮೇಲೆ ಮಗಳ ಮನೆಯಲ್ಲೇ ಇದ್ದರು. ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಮಗಳು, ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನು ಉದುರುವಷ್ಟು ನಕ್ಕಳು. ಆ ಮನೆಯಲ್ಲಿ ಅವಳನ್ನು ನಗಿಸುವವರು ಅಪ್ಪ ಒಬ್ಬರೇ.

ಆ ಕಾರಿಗೊಂದು ಕೆಟ್ಟ ಚಾಳಿಯಿತ್ತು. ಇಳಿಯುವ ಮೊದಲು, ನೂರಕ್ಕೆ ಇಷ್ಟು ಎಂದು ಪರದೆಯ ಮೇಲೆ ಅಂಕ ತೋರಿಸುತ್ತಿತ್ತು. ಪೆಟ್ರೋಲ್ ಉಳಿಸಿದಷ್ಟೂ ಅಂಕ ಹೆಚ್ಚು. ಜೀವಮಾನವಿಡೀ ಮಕ್ಕಳಿಗೆ ಅಂಕ ಕೊಡಲು ಜುಗ್ಗತನ ಮಾಡಿದ ಮೇಷ್ಟ್ರಿಗೆ ಈಗ ತಾವೇ ಅಂಕ ತೆಗೆಯುವ ಹುಚ್ಚು ಹಿಡಿಯಿತು. ಪಾದದಡಿ ಮೊಟ್ಟೆ ಇಟ್ಟುಕೊಂಡವರಂತೆ ಒತ್ತುವುದು, ಏರಿನಲ್ಲಿ ತೆವಳುವುದು, ಸಿಗ್ನಲ್ ಕಂಡರೆ ದೂರದಿಂದಲೇ ಕಾಲು ತೆಗೆಯುವುದು. ಹಿಂದಿನವರು ಬೈದರೆ "ಅವಿವೇಕಿಗಳು" ಅನ್ನುವುದು. ಏನು ಮಾಡಿದರೂ ತೊಂಬತ್ತಾರು ದಾಟಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಮಾವ ಊಟದ ತಟ್ಟೆಯ ಮುಂದೆ ಎದೆ ಹಿಡಿದುಕೊಂಡು ಬಾಗಿದರು. ಆಂಬುಲೆನ್ಸ್ ಬರಲು ಮುಕ್ಕಾಲು ಗಂಟೆ ಅಂದರು. ಮಗಳು ಕಾರಿನ ಹಿಂದಿನ ಸೀಟಿನಲ್ಲಿ ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

ಮೇಲ್ಸೇತುವೆಯ ಏರಿನಲ್ಲಿ ಕಾರು ತೆವಳಿತು.

"ಬೇಗ ಹೋಗ್ರೀ!"

"ಹೋಗ್ತಾ ಇದೀನಲ್ಲೇ!"

ಅವರು ನಿಜವಾಗಿಯೂ ಹಾಗೆಂದೇ ತಿಳಿದಿದ್ದರು. ಕಾಲು ತಲೆಯ ಮಾತು ಕೇಳುವುದನ್ನು ಬಿಟ್ಟು ತಿಂಗಳುಗಳಾಗಿದ್ದವು. ಇಂಜಿನ್ ಎದ್ದೇ ಇರಲಿಲ್ಲ.

"ಒತ್ತಪ್ಪಾ," ಎಂದರು ಮಾವ. ಯಾರನ್ನೂ ಏನನ್ನೂ ಬೇಡಿದ ಮನುಷ್ಯನಲ್ಲ. "ಖಾಲಿ ರೋಡು... ಒತ್ತು."

ಮುಂದಿನ ಸಿಗ್ನಲ್ ಇನ್ನೂ ಹಸಿರಿತ್ತು. ಮೇಷ್ಟ್ರ ಕಾಲು ಮೇಲೆದ್ದಿತು. ಕಾರು ತೇಲಿಕೊಂಡು ಹೋಗುವಷ್ಟರಲ್ಲಿ ದೀಪ ಕೆಂಪಾಯಿತು.

ಆಸ್ಪತ್ರೆಯ ಬಾಗಿಲಲ್ಲಿ ಅಪ್ಪನನ್ನು ಸ್ಟ್ರೆಚರಿಗೆ ಎತ್ತಿಕೊಂಡರು. ಅವಳು ಹಿಂದೆಯೇ ಇಳಿಯುವಾಗ ತಿರುಗಿ ನೋಡಿದಳು. ಪರದೆಯ ಮೇಲೆ ತೊಂಬತ್ತೇಳು. ಗಂಡನ ಮುಖ ಒಂದೇ ಒಂದು ಕ್ಷಣ ಅರಳಿ ಬಾಡಿತು.

ಅರ್ಧ ಗಂಟೆಯ ಮೇಲೆ ಡಾಕ್ಟರು ಅವಳೊಬ್ಬಳನ್ನೇ ಒಳಗೆ ಕರೆದರು.

"ಹೃದಯದಿಂದ ಹೊರಡೋ ದೊಡ್ಡ ರಕ್ತನಾಳವೇ ಒಡೆದುಹೋಗಿತ್ತಮ್ಮ. ತಡ ಆಯ್ತು ಅಂತ ಮನಸ್ಸಿಗೆ ಹಚ್ಕೋಬೇಡಿ. ಇಲ್ಲೇ, ನಮ್ಮ ಕಣ್ಣೆದುರಿಗೇ ಒಡೆದಿದ್ರೂ ಅವರನ್ನ ಉಳಿಸೋಕೆ ಆಗ್ತಿರ್ಲಿಲ್ಲ."

ಅವಳು ಇನ್ನೊಮ್ಮೆ ಕೇಳಿದಳು. ಡಾಕ್ಟರು ಇನ್ನೊಮ್ಮೆ ಅದನ್ನೇ ಹೇಳಿದರು.

ಹೊರಗೆ ಗಂಡ ಎದ್ದು ನಿಂತರು. "ಏನಂದ್ರು?"

"ಐದು ನಿಮಿಷ ಮುಂಚೆ ಬಂದಿದ್ರೆ ಉಳೀತಿದ್ರಂತೆ."

"ಐದೇ ನಿಮಿಷಾನಾ?"

"ಐದೇ."

ಮೇಷ್ಟ್ರು ಗೋಡೆಗೊರಗಿ ಹಾಗೇ ನೆಲಕ್ಕೆ ಕುಸಿದರು. ಅವಳಿಗೆ ಅಯ್ಯೋ ಅನಿಸಲಿಲ್ಲ. ಹೊಟ್ಟೆ ತಣ್ಣಗಾಯಿತು. ಅಪ್ಪ ಸತ್ತ ದಿನವೇ ಹೊಟ್ಟೆ ತಣ್ಣಗಾಗಬಹುದೆಂದು ಅವಳಿಗೂ ಗೊತ್ತಿರಲಿಲ್ಲ.

ಎರಡು ವಾರ ಮೇಷ್ಟ್ರು ಶಾಲೆಯ ಕಡೆ ತಲೆ ಹಾಕಲಿಲ್ಲ. ಒಂದು ಬೆಳಿಗ್ಗೆ ಹೊಲಿಗೆ ಮಿಷಿನ್ನಿನ ಪಕ್ಕ ಬಂದು ನಿಂತರು.

"ಕಾರು ಮಾರಿಬಿಡ್ತೀನಿ ಕಣೆ. ಅದರಲ್ಲಿ ಕೂತ್ರೆ ಕಾಲು ನಡುಗತ್ತೆ."

"ಮಾರೋದಾ? ಭೂಮಿಗೆ ಒಳ್ಳೇದು ಅಂತ ತಂದಿದ್ದಲ್ವಾ?" ಅವಳು ಕೀಲಿಯನ್ನು ಅವರ ಅಂಗೈಯಲ್ಲಿಟ್ಟಳು. "ನಮ್ಮಪ್ಪನ್ನ ಕೊಟ್ಟು ಉಳಿಸ್ಕೊಂಡಿರೋ ಭೂಮಿ. ಅದರಲ್ಲೇ ಹೋಗಿ ಬನ್ನಿ."

ಮೇಷ್ಟ್ರು ಹೋದರು. ಈಗಲೂ ದಿನಾ ಹೋಗುತ್ತಾರೆ. ಅವಳು ಬಾಗಿಲಲ್ಲಿ ನಿಂತು, ಆ ನಡುಗುವ ಕಾಲು ಕಾರಿನೊಳಗೆ ಹೋಗುವುದನ್ನು ನೋಡುತ್ತಾಳೆ. ನಿಜ ಹೇಳಿಬಿಡಬೇಕು ಎಂದು ಒಮ್ಮೊಮ್ಮೆ ಅನಿಸುವುದೂ ಉಂಟು. ನಾಳೆ ಹೇಳಿದರಾಯಿತು ಅಂದುಕೊಂಡು ಮತ್ತೆ ಹೊಲಿಗೆಗೆ ಕೂರುತ್ತಾಳೆ.