ಬೀಗರ ಸಾಕು

ಆರು ಬರಿಗಾಲು, ಕಾದ ಕಲ್ಲಿನ ಮೇಲೆ, ಅಂದರೆ ಚಪ್ಪಲಿಗಳನ್ನು ಆಟದ ಪಾರ್ಕಿನ ಗೇಟಿನ ಹೊರಗೇ ಬಿಟ್ಟು ಬಂದಿದ್ದಾರೆ, ಗುಡಿಗೆ ಬಂದ ಹಾಗೆ, ದುರುಗಮ್ಮ ಆಗಲೇ ಬಾಗಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಾರೆ, ಅದು ಹೊಸ್ತಿಲಲ್ಲ, ಗೇಟು ಉರುಳುವ ಕಬ್ಬಿಣದ ಪಟ್ಟಿ, ಆದರೆ ಹೇಳುವುದು ಹೇಗೆ, ನನಗೆ ಅತ್ತೆಯಾಗುವವರು, ಅವರ ಹಿಂದೆ ಮಾವನಾಗುವ ಕನಕರಾಯ, ಈ ಬಿಸಿಲಲ್ಲೂ ಹೆಗಲ ಮೇಲೆ ಕಂಬಳಿ, ಅವರ ಹಿಂದೆ ನಾನು ಮದುವೆಯಾಗುವ ಅಯ್ಯಪ್ಪ, ಇವನಿಗಾದರೂ ತಿಳಿಯಬಾರದೇ, ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ಟೆಂಪೊ ಓಡಿಸುವವನು, ಅವ್ವ ಬಿಟ್ಟಳೆಂದು ತಾನೂ ಬಿಟ್ಟಿದ್ದಾನೆ, ನಾಳೆ ಅವ್ವ ಹೆಂಡತಿಯ ಕೆಲಸ ಬಿಡಿಸು ಎಂದರೆ ಅದನ್ನೂ ಬಿಡಿಸುತ್ತಾನೋ ಏನೋ — ಇರಲಿ, ಈಗ ಕಾಲು ಸುಡುತ್ತಿದೆ, ಮೊದಲು ಅದನ್ನು ನೋಡಬೇಕು, ಚಪ್ಪಲಿ ತರಿಸಿದರೆ ಮೂವರೂ ನಾಚಿಕೊಳ್ಳುತ್ತಾರೆ, ಹೊಸಬರ ತಪ್ಪು ತೋರಿಸಬೇಡ ನೇತ್ರಾವತಿ, ದಾರಿ ಬದಲಿಸು, ಇದು ನಮ್ಮ ಮ್ಯಾನೇಜರ್ ವೇದಶ್ರೀ ಮೇಡಂ ಕೆಲಸಕ್ಕೆ ಸೇರಿದ ದಿನವೇ ಹೇಳಿಕೊಟ್ಟದ್ದು, ಮೊದಲ ಸಲ ಪಾರ್ಕಿಗೆ ಬಂದವರನ್ನು ಸುತ್ತಾಡಿಸುವುದು ತಾನೇ ನನ್ನ ಕೆಲಸ, ಹಂಗಾದ್ರ ಈ ಕಡೆ ಬರ್ರಿ ಅತ್ತಿ, ಇಲ್ಲಿ ಗಿಡಕ್ಕ ನೀರ್ ಬಿಟ್ಟಾರ, ತಂಪದ. ಬಂದರು. ಒದ್ದೆ ಮಣ್ಣಿಗೆ ಕಾಲಿಟ್ಟ ಕೂಡಲೇ ದುರುಗಮ್ಮನ ಮುಖ ಸಡಿಲವಾಯಿತು, ನನಗೂ ಉಸಿರು ಬಂತು.

ಮೊದಲು ನೆರಳು, ಆಮೇಲೆ ನೀರು, ಆಮೇಲೆ ಆಟ, ಒಂದು ಆಟ ಆದ ಮೇಲೆ ಕೂರಿಸು, ಮಾತಾಡಿಸು, ಮುಖ ನೋಡು, ದೊಡ್ಡ ಸದ್ದಿನ ಕಡೆ ಮೊದಲಿಗೇ ಒಯ್ಯಬೇಡ, ಮತ್ತೆ ಎಲ್ಲಕ್ಕಿಂತ ಮುಖ್ಯ, ಸಾಕು ಎಂದ ಕೂಡಲೇ ನಿಲ್ಲಿಸು, ಒಂದೇ ಸಲ ಅಂದರೂ ನಿಲ್ಲಿಸು, ಮೇಡಂ ಹೇಳಿಕೊಟ್ಟ ಇವೆಲ್ಲ ನನಗೆ ಬಾಯಿಪಾಠ, ಊರೂರಿನ ಸಂಘದ ಹೆಂಗಸರನ್ನು, ಶಾಲೆಯ ಮಕ್ಕಳನ್ನು, ಹಜ್ ಮುಗಿಸಿ ಬಂದ ಮುದುಕ ಮುದುಕಿಯರನ್ನು ಸುತ್ತಾಡಿಸಿದ್ದೇನೆ, ಯಾರ ಮುಂದೆಯೂ ಹೀಗೆ ಹೆದರಿರಲಿಲ್ಲ, ಯಾಕೆಂದರೆ ಅವರ್ಯಾರೂ ನನ್ನ ಕೆಲಸ ಇರಬೇಕೋ ಬಿಡಬೇಕೋ ಎಂದು ತೀರ್ಮಾನ ಮಾಡಲು ಬಂದವರಲ್ಲ. ಇವರು ಅದಕ್ಕೇ ಬಂದಿದ್ದಾರೆ. ಲಗ್ನದ ಮಾತೆಲ್ಲ ಮುಗಿದಿದೆ, ರಾಯಚೂರಿನಲ್ಲೇ ಮನೆ ಮಾಡುವುದೆಂದೂ ಆಗಿದೆ, ಇದೊಂದು ಉಳಿದಿದೆ, ಅದೇನ್ ಕೆಲಸ ಅಂತ ಒಮ್ಮಿ ಕಣ್ಣಿಲೆ ನೋಡಿ ಬರ್ತೀನಿ ಎಂದಿದ್ದರಂತೆ ದುರುಗಮ್ಮ, ಚೀಕಲಪರ್ವಿಯಿಂದ ಮಾನ್ವಿಗೆ, ಮಾನ್ವಿಯಿಂದ ಇಲ್ಲಿಗೆ ಬಸ್ಸು ಬದಲಿಸಿ ಬಂದಿದ್ದಾರೆ, ನಮ್ಮವ್ವಗ ಮನಸಿಗಿ ಬಂತಂದ್ರ ಆತು, ನನ್ನದೇನಿಲ್ಲ ಎಂದ ಅಯ್ಯಪ್ಪ ಫೋನಿನಲ್ಲಿ, ನನ್ನದೇನಿಲ್ಲ ಅಂತೆ, ಎಲ್ಲ ಕೇಳಿಸಿಕೊಂಡು ಹೂಂ ಎಂದೆ, ಸಿಟ್ಟು ಬಂದಿತ್ತು, ಈಗಲೂ ಇದೆ. ನನಗೆ ಈ ಕೆಲಸ ಬೇಕು. ಹೆದರಿ ಬಂದವರು ನಗುತ್ತ ಹೋಗುವುದನ್ನು ನೋಡುವುದು ನನಗೆ ಬಹಳ ಇಷ್ಟ, ಅಷ್ಟೇ, ಅದಕ್ಕಿಂತ ದೊಡ್ಡ ಕಾರಣವೇನೂ ಇಲ್ಲ.

ಮಾವ ಅಲ್ಲೇ ನಿಂತರು, ಹುಲ್ಲಿನ ಮೇಲೆ ನಿಲ್ಲಿಸಿದ ಬೊಂಬೆ ಕುರಿಯ ಬೆನ್ನು ತಟ್ಟುತ್ತಿದ್ದಾರೆ, ಇಷ್ಟ ವರ್ಷದಾಗ ಹೇಳಿದ ಮಾತು ಕೇಳಿ ಸುಮ್ಮ ನಿಂತ ಕುರಿ ಇದೊಂದ ನೋಡವ್ವಾ ಎಂದು ನನಗೇ ಹೇಳಿದರು, ನಕ್ಕೆ, ನಕ್ಕಿದ್ದು ಹೆಚ್ಚಾಯಿತೇನೋ, ದುರುಗಮ್ಮ ನೋಡಿದರು, ಇಲ್ಲ, ಅವರೂ ನಗುತ್ತಿದ್ದಾರೆ, ಒಳ್ಳೆಯದು, ಈಗ ಪುಟ್ಟ ರೈಲು, ಮಕ್ಕಳ ರೈಲು, ನಡೆಯುವುದಕ್ಕಿಂತ ನಿಧಾನ, ಅದರಲ್ಲಿ ಹೆದರುವಂಥದ್ದು ಏನಿಲ್ಲ, ಒಂದು ಸುತ್ತು ಹಾಕಿ ಇಳಿದರು, ಸೆರಗು ಸರಿ ಮಾಡಿಕೊಂಡು ದುರುಗಮ್ಮ ಅಂದರು, ಸಾಕವ್ವಾ.

ಸಾಕು. ಯಾವ ಸಾಕು ಇದು? ಬೆಳಿಗ್ಗೆ ನಮ್ಮೂರು ಜಾಲಹಳ್ಳಿಯಿಂದ ನಮ್ಮವ್ವ ಫೋನು ಮಾಡಿ ಹೇಳಿದ್ದಾಳೆ, ಬೀಗರು ಸಾಕಂತಾರ, ಅನ್ನೂದು ಅವರ ಧರ್ಮ, ಹಾಕೂದು ನಮ್ಮ ಧರ್ಮ, ಒಂದ ಸಲಕ್ಕ ಬಿಟ್ಟುಗಿಟ್ಟೀ ಮತ್ತ — ಹೌದು, ನಮ್ಮಲ್ಲಿ ಮೊದಲ ಸಾಕನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ, ಚಿಕ್ಕಮ್ಮನ ಲಗ್ನದಲ್ಲಿ ಬೀಗರು ಹೋಳಿಗೆಗೆ ಸಾಕು ಅಂದರು, ಬಡಿಸುವವನು ಬೆಪ್ಪ, ಸರಿ ಎಂದು ಮುಂದೆ ಹೋಗಿಬಿಟ್ಟ, ಒಮ್ಮಿ ಕೇಳಿ ಬಿಟ್ಟ ಮಂದಿ ಎಂದು ಇವತ್ತಿಗೂ ನಮ್ಮನ್ನು ಆಡಿಕೊಳ್ಳುತ್ತಾರೆ, ಸಾಕು ಅನ್ನುವುದು ಇನ್ನೊಂದು ಸಲ ಒತ್ತಾಯ ಮಾಡು ಅನ್ನುವುದಕ್ಕೆ, ಹಸುಗೂಸಿಗೂ ಗೊತ್ತು, ಆದರೆ ಮೇಡಂ ಹೇಳಿದ್ದು ಬೇರೆ, ಅತ್ತ ದರಿ ಇತ್ತ ಪುಲಿ, ದುರುಗಮ್ಮ ಇವತ್ತು ಪಾರ್ಕಿಗೆ ಬಂದ ಹೊಸಬರೋ, ನನ್ನ ಮನೆಗೆ ಬಂದ ಬೀಗಿತಿಯೋ, ಮುಖ ನೋಡಿದರೆ ತಿಳಿಯುತ್ತಿಲ್ಲ, ನೆತ್ತಿಯ ಮೇಲೆ ಸೆರಗು, ಹಣೆಯಲ್ಲಿ ಬೆವರು, ಬೆವರು ಬಿಸಿಲಿಗೂ ಬರುತ್ತದೆ — ಹಂಗಂದ್ರ ಹೆಂಗ್ರಿ ಅತ್ತಿ, ತೊಟ್ಟಿಲಾಗ ಕುಂದ್ರಲಾರದ ಹೋದ್ರ ನಮ್ಮವ್ವ ನನ್ನ ಬೈತಾಳ, ಒಂದ ಸಲ. ಒಲ್ಲೆ ಸಾಕ ಬೇ ಎಂದರು ಮತ್ತೆ. ನಾನು ಕೈ ಹಿಡಿದೆ. ನಡೆದರು. ಕೈ ಹಿಡಿದರೆ ಬಿಡಿಸಿಕೊಳ್ಳುವ ಬೀಗಿತಿ ಎಲ್ಲಿದ್ದಾರೆ.

ತೊಟ್ಟಿಲೆಂದರೆ ದೊಡ್ಡ ಚಕ್ರ, ಮೇಲಿನಿಂದ ರಾಯಚೂರಿನ ಕೋಟೆಯ ಬೆಟ್ಟ ಕಾಣುತ್ತದೆ, ನಿಧಾನ ಬಿಡು ಮುಷರ್ರಫ್ ಎಂದೆ ಚಕ್ರ ನಡೆಸುವವನಿಗೆ, ನಮ್ಮ ಅತ್ತಿ ಅದಾರ, ಅವನು ನಕ್ಕು ಆದಾಬ್ ಮಾಡಿದ, ಮಾವ ಮತ್ತು ಅಯ್ಯಪ್ಪ ಕೆಳಗೇ ಉಳಿದರು, ಗಂಡಸರಿಗೆ ಒತ್ತಾಯ ಮಾಡಲು ನನಗೂ ಹೊಳೆಯಲಿಲ್ಲ, ನಾನೂ ದುರುಗಮ್ಮನೂ ಎದುರುಬದುರು, ಏರಿತು, ಬೊಂಬೆ ಕುರಿ ಸಣ್ಣದಾಯಿತು, ಕಂಬಳಿ ಒಂದು ಚುಕ್ಕೆ, ಅತ್ತಿ ನೋಡ್ರಿ ಅಲ್ಲಿ ಗುಡ್ಡ, ಅವರು ಗುಡ್ಡ ನೋಡುತ್ತಿಲ್ಲ, ಕಣ್ಣು ಮುಚ್ಚಿದ್ದಾರೆ, ಮತ್ತೆ ಆ ಕೈ, ಬಲಗೈ, ಕಬ್ಬಿಣದ ಸರಳು ಹಿಡಿದಿದೆ, ಗೆಣ್ಣುಗಳು ಬೆಳ್ಳಗಾಗಿವೆ, ಹಸಿರು ಬಳೆಗಳು ತಾವಾಗಿಯೇ ಗಿಲಿಗಿಲಿ ಅನ್ನುತ್ತಿವೆ, ಅಯ್ಯೋ, ಅದು ನಿಜವಾದ ಸಾಕು, ಮೊದಲಿನದೂ ನಿಜವಾದದ್ದೇ, ಎರಡನೆಯದೂ, ನಾನು ಬೆಪ್ಪಿ, ಕೈ ಎತ್ತಿ ಸನ್ನೆ ಮಾಡಿದೆ, ಮುಷರ್ರಫ್ ನೋಡಿದ, ಒಂದೇ ಸುತ್ತಿಗೆ ನಮ್ಮ ತೊಟ್ಟಿಲು ಕೆಳಗೆ ತಂದು ನಿಲ್ಲಿಸಿ ಇಬ್ಬರನ್ನೂ ಇಳಿಸಿದ.

ಬೇವಿನ ನೆರಳಿನ ಕಟ್ಟೆ, ನೀರು, ನಾನು ಸೆರಗಿನಿಂದ ಗಾಳಿ ಹಾಕುತ್ತಿದ್ದೇನೆ, ಹೋಯಿತು ಕೆಲಸ, ಹೋಯಿತು, ಯಾಕ ನಿಲ್ಲಿಸಿದೆವ್ವಾ, ಬ್ಯಾರೆದವರದು ಇನ್ನೂ ತಿರಗಾಕತ್ತಾದ ಎಂದರು ದುರುಗಮ್ಮ, ನಿಮಗ ಸಾಕಾಗಿತ್ತಲ್ರಿ ಅತ್ತಿ, ಇಲ್ಲಿ ಸಾಕಂದ್ರ ಸಾಕು, ಒಂದ ಸಲ ಅಂದ್ರೂ ನಿಲ್ಲಸಬೇಕು, ನಮ್ಮ ಕೆಲಸನ ಅದು. ಮತ್ತ ಮದ್ಲ ಎರಡ ಸಲ ಅಂದಿದ್ನಲ್ಲ? ತಲೆ ತಗ್ಗಿಸಿದೆ, ಅದು ಬೀಗರ ಸಾಕು ಅಂತ ತಿಳಕೊಂಡೆರಿ. ದುರುಗಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು, ನಗುವೋ ಕೆಮ್ಮೋ, ನಗುವೇ, ಹಂಗಾದ್ರ ಇಲ್ಲಿ ಸಾಕಂದ್ರ ಸಾಕು, ನೆನಪಿಟಗೋತೀನಿ ನಡಿ, ಹೊಟ್ಟಿ ಹಸದಾದ ಎಂದರು.

ಬುತ್ತಿ ತಂದಿದ್ದಾರೆ, ಹೊರಗಿನ ಊಟ ಒಳಗೆ ಬಿಡುವುದಿಲ್ಲ, ಮೇಡಂ ಅವರನ್ನು ಮೊದಲೇ ಕೇಳಿಕೊಂಡಿದ್ದೆ, ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಸಿಬ್ಬಂದಿ ಕೋಣೆಯಲ್ಲಿ ಚಾಪೆ ಹಾಸಿದೆ, ಬಡಿಸಲು ಹೋದರೆ ಕುಂದ್ರು ನೀ ಎಂದು ಕೂರಿಸಿದರು, ತಾವೇ ಬಡಿಸುತ್ತಿದ್ದಾರೆ, ಮಾವ ಬಾಯಿ ತುಂಬ ತಿನ್ನುತ್ತಿದ್ದಾರೆ, ಅಯ್ಯಪ್ಪ ನನ್ನನ್ನು ನೋಡುತ್ತಾನೆ, ತಾಟು ನೋಡುತ್ತಾನೆ, ಪಲ್ಯ ಹುಳಿ ಹುಳಿ ಚೆನ್ನಾಗಿದೆ, ಮತ್ತೆ ಆ ಕೈ, ಬಳೆಗಳು ಈಗ ಸುಮ್ಮನಿವೆ, ಇನ್ನೊಂದು ರೊಟ್ಟಿ ಹಿಡಿದು ನನ್ನ ತಾಟಿನ ಮೇಲೆ ಬಂದಿದೆ, ಬರುತ್ತಲೇ ಮಾತೂ ಬಂತು, ಲಗ್ನ ಆದ ಮ್ಯಾಲನೂ ಈ ಕೆಲಸ ಮಾಡಬೇಕಂತ ಅದಿಯೇನವ್ವಾ — ನನ್ನ ಅಂಗೈ ತಾನಾಗಿಯೇ ತಾಟಿನ ಮೇಲೆ ಅಡ್ಡ ಹೋಯಿತು, ಬಾಯಿ ತಾನಾಗಿಯೇ ಅಂದಿತು, ಸಾಕ್ರೀ ಅತ್ತಿ.

ರೊಟ್ಟಿಗೆ ಅಂದದ್ದು. ರೊಟ್ಟಿಗೆ. ಅದೂ ಬೀಗರ ಸಾಕು, ಹಾಕಲಿ ಎಂದೇ ಅಂದದ್ದು, ಎರಡು ರೊಟ್ಟಿಗೆ ಹೊಟ್ಟೆ ತುಂಬುತ್ತದೆಯೇ ಯಾರಿಗಾದರೂ — ಆತು ಬಿಡವ್ವಾ ಎಂದರು ದುರುಗಮ್ಮ, ನೀನ ಸಾಕಂದಿ, ನಾ ಯಾಕ ಒತ್ತಾಯ ಮಾಡ್ಲಿ, ಇಲ್ಲಿ ಸಾಕಂದ್ರ ಸಾಕು. ಅಯ್ಯಪ್ಪನ ಬಾಯಿ ತೆರೆದೇ ಇದೆ, ನೀನಾದರೂ ಹೇಳು ಮಾರಾಯ, ಹೇಳುವುದಿಲ್ಲ ಅವನು, ಅವನದೇನಿಲ್ಲವಲ್ಲ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ, ಅತ್ತೆಯ ಕೈ ಹಿಂದೆ ಸರಿಯುತ್ತಿದೆ, ಬುಟ್ಟಿಯ ಕಡೆ, ಈಗ ಹೇಳಬೇಕು, ಏನು ಹೇಳುವುದು, ಸಾಕಿಗೆ ಎದುರು ಮಾತು ಒಂದೇ ಇರುವುದು, ಅದನ್ನು ಊಟಕ್ಕೆ ಕುಳಿತ ಹೆಣ್ಣು ಅನ್ನಬಾರದು, ಬೀಗರ ಮುಂದಂತೂ ಅನ್ನಲೇಬಾರದು, ಅವ್ವ ಕೇಳಿದರೆ ಬಾಯಿ ಮೇಲೆ ಬಡಿಯುತ್ತಾಳೆ, ನಾನು ಹುಟ್ಟಿದಾಗಿನಿಂದ ಯಾರ ತಾಟಿನ ಮುಂದೆಯೂ ಅದನ್ನು ಅಂದವಳಲ್ಲ — ಬೇಕ್ರಿ ಅಂದೆ.

ಕೈ ನಿಂತಿತು. ಮಾವ ಅಗಿಯುವುದನ್ನು ನಿಲ್ಲಿಸಿದರು. ಏನ್ ಬೇಕವ್ವಾ ಎಂದರು ದುರುಗಮ್ಮ, ರೊಟ್ಟಿ ಬೇಕೋ, ಕೆಲಸ ಬೇಕೋ. ಎರಡೂ ಬೇಕ್ರೀ ಅತ್ತಿ, ನನ್ನದೇ ದನಿ, ಇಷ್ಟು ದೊಡ್ಡದಿತ್ತೇ, ಅಂಗೈ ತಾಟಿನ ಮೇಲಿಂದ ತೆಗೆದಿದ್ದೇನೆ, ತಾಟು ಬರಿದಾಗಿದೆ, ಮೇಲೆ ಆ ಕೈ, ಸರಳು ಹಿಡಿದ ಕೈಯೇ, ಹಸಿರು ಬಳೆ, ರೊಟ್ಟಿ, ಬುಟ್ಟಿಯ ಕಡೆಯೂ ಹೋಗಿಲ್ಲ, ನನ್ನ ಕಡೆಯೂ ಬಂದಿಲ್ಲ, ನಡುವೆ, ರೊಟ್ಟಿ ಹಿಡಿದ ಆ ಕೈ, ಆ ಕೈ.