ನೂರು ಪೌಂಡಿನ ಡಬ್ಬಕ್ಕೆ ಎಂಟುನೂರರ ವಿಂಚು

ಜಿಂಕೆಗಳಿಗೆ ಜೋಳ ಉದುರಿಸುವ ಡಬ್ಬವನ್ನು ಮರಕ್ಕೆ ತೂಗುಹಾಕಬೇಕು, ಅದನ್ನು ಏರಿಸಿ ಇಳಿಸಲು ಹಿಡಿಕೆ ತಿರುಗಿಸಿ ಹಗ್ಗ ಸುತ್ತುವ ಒಳ್ಳೆಯ ವಿಂಚು ಆರಿಸಿಕೊಡು ಎಂದು ಜಗದೀಶ ಭಾವ ಫೋನ್ ಮಾಡಿದಾಗ ರಾಜಿಗೆ ಹಿಗ್ಗೋ ಹಿಗ್ಗು. ಅಮೆರಿಕದ ಎಡಿಸನ್ನಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರ್ ಆಗಿ ಮೂರು ವರ್ಷವಾಗಿದ್ದರೂ ಮನೆಯವರು ಅವಳ ವಿದ್ಯೆಯನ್ನು ಕೇಳಿದ್ದು ಅದೇ ಮೊದಲು. ಅದೂ ಜಿಂಕೆಗಳಿಗಾಗಿ. ಭಾವನ ಮನೆಯ ಹಿಂದಿನ ಕಾಡಿನಿಂದ ಬರುವ ಕಿವಿ ಹರಿದ ಜಿಂಕೆಯೊಂದಕ್ಕೆ ಅಕ್ಕನ ಮಗಳು, ಆರು ವರ್ಷದ ನಿಧಿ, ಆಗಲೇ ಕುಕೀ ಎಂದು ಹೆಸರಿಟ್ಟಿದ್ದಳು. ಕುಕೀ ದಿನಾ ಬರುವ ಹಾಗೆ ಮಾಡುತ್ತೇನೆಂದು ರಾಜಿ ಅವಳಿಗೆ ಮಾತು ಕೊಟ್ಟಳು.

ಒಂದು ವಾರ ಅದೇ ಧ್ಯಾನ. ತುಂಬಿದ ಡಬ್ಬ ನೂರು ಪೌಂಡು ತೂಗುತ್ತದೆ. ಕರಡಿ, ರಕೂನುಗಳಿಗೆ ಎಟುಕದಷ್ಟು ಮೇಲೆ ಹೋಗಬೇಕು, ತುಂಬುವಾಗ ಸೊಂಟದ ಮಟ್ಟಕ್ಕೆ ಇಳಿಯಬೇಕು. ಕೈಬಿಟ್ಟರೆ ಹಿಡಿಕೆ ಗಿರ್ರನೆ ತಿರುಗಿ ಮಣಿಕಟ್ಟು ಮುರಿಯುವಂಥದ್ದು ಬೇಡ, ತಾನಾಗಿ ಬ್ರೇಕ್ ಹಿಡಿಯುವಂಥದ್ದೇ ಆಗಬೇಕು. ಮುನ್ನೂರು ಪೌಂಡು ಎತ್ತುವ ವಿಂಚು ಧಾರಾಳ ಸಾಕು ಎಂದಳು. ಭಾವ ಎಂಟುನೂರರದ್ದಕ್ಕೇ ಪಟ್ಟು ಹಿಡಿದರು. ಟಿವಿ ಕೊಂಡರೂ ಗೋಡೆಗಿಂತ ದೊಡ್ಡದು ಕೊಳ್ಳುವ ಮನುಷ್ಯ, ಇರಲಿ ಎಂದು ನಕ್ಕು ಅದನ್ನೇ ತಂದಳು.

ಶನಿವಾರ ಅದನ್ನು ಓಕ್ ಮರಕ್ಕೆ ಬಿಗಿದದ್ದಾಯಿತು. ಅಕ್ಕ ಸುಧಾಮಣಿ ವಿಂಚಿಗೆ ಕುಂಕುಮ ಹಚ್ಚಿ ನಿಂಬೆಹಣ್ಣು ನಿವಾಳಿಸಿದಳು. ಮೊದಲ ಹಿಡಿ ಹೆಣ್ಣುಮಗುವಿನ ಕೈಯಿಂದಲೇ ಬೀಳಲಿ, ಒಳ್ಳೆಯದಾಗುತ್ತದೆ ಎಂದು ಭಾವನೇ ನಿಧಿಯನ್ನು ಎತ್ತಿ ಹಿಡಿದರು. ಕಾಕಂಬಿ ಬೆರೆಸಿದ ಜೋಳ ಅವಳ ಬೆರಳಿಗೆಲ್ಲ ಅಂಟಿತು. ಅಕ್ಕ ತಟ್ಟೆ ಹಿಡಿದು ಒಳಗೆ ಹೋದಳು. ರಾಜಿ ಹಿಡಿಕೆ ತಿರುಗಿಸಿದಳು; ಡಬ್ಬ ಒಂಚೂರೂ ಓಲಾಡದೆ ಏರಿತು.

ಆಮೇಲೆ ನೋಡಿದರೆ ಹುಲ್ಲಿನ ಮೇಲೆ ಇನ್ನೊಂದು ಪೊಟ್ಟಣ. ಒಳಗೆ ಎರಡು ತುದಿಗೂ ಕೊಕ್ಕೆಯಿದ್ದ ಕಬ್ಬಿಣದ ಅಡ್ಡಪಟ್ಟಿ. ಡಬ್ಬಕ್ಕೆ ಈ ಕೊಕ್ಕೆ ಏಕೆ ಬೇಕು ಎಂದು ಅವಳಿಗೆ ಹೊಳೆಯಲಿಲ್ಲ. ಕೇಳಿದಳು.

ಏಣಿ ಹಿಡಿದು ನಿಂತಿದ್ದ ಪಕ್ಕದ ಮನೆಯ ಟೋನಿ, ಮಳೆ ಬರುತ್ತದೆ ಎನ್ನುವಷ್ಟೇ ಸಲೀಸಾಗಿ ಇಂಗ್ಲಿಷಿನಲ್ಲಿ ವಿವರಿಸಿದ. ಬಿಲ್ಲುಬಾಣದ ಬೇಟೆಯ ಸೀಸನ್ ಶುರುವಾದ ಮೇಲೆ ಡಬ್ಬ ಬಿಚ್ಚಿ ಇದನ್ನು ಕಟ್ಟುವುದು. ಹೊಡೆದ ಜಿಂಕೆಯ ಹಿಂಗಾಲುಗಳಿಗೆ ಕೊಕ್ಕೆ ಸಿಕ್ಕಿಸಿ ಮೇಲೆತ್ತಿದರೆ ಚರ್ಮ ಸುಲಿಯಲು ಹದವಾದ ಎತ್ತರ.

ಎದುರಿನ ಮರಕ್ಕೆ ಒರಗಿದ್ದ ಮೆಟ್ಟಿಲು, ಅದರ ತುದಿಯ ಕುರ್ಚಿ, ನಿಧಿಗೆ ಆಡಲೆಂದು ರಾಜಿ ತಿಳಿದಿದ್ದ ಕುರ್ಚಿ, ಕೂತು ಬಾಣ ಬಿಡಲು ತಕ್ಕಂತೆ ನೇರವಾಗಿ ಡಬ್ಬದ ಕಡೆಗೇ ಮುಖಮಾಡಿತ್ತು. ಕಾಕಂಬಿಯ ಸಿಹಿ ವಾಸನೆ ಇನ್ನೂ ಗಾಳಿಯಲ್ಲಿತ್ತು.

"ಆಫೀಸಲ್ಲಿ ಎಲ್ರೂ ಮಾಡ್ತಾರಮ್ಮ, ಇಟ್ಸ್ ಲೀಗಲ್," ಎಂದರು ಭಾವ. "ನೀನು ಕೋಳಿ ತಿನ್ನಲ್ವಾ?"

"ತಿಂತೀನಿ ಭಾವ. ಆದ್ರೆ ಮಗು ಕೈಲಿ ಕಾಳು ಹಾಕ್ಸಿ, ನಂಬಿಸಿ ಕರೆಯಲ್ಲ."

ಟೋನಿಗೆ ಕನ್ನಡ ಬಾರದಿದ್ದರೂ ಜಗಳವೆಂದು ತಿಳಿಯಿತು; ಏಣಿ ಮಡಚಿಕೊಂಡು ಹೊರಟ. ಭಾವ ಮುಖ ಬಿಗಿದುಕೊಂಡು, ಅದು ತನ್ನ ವಿಂಚು, ತನ್ನ ಮರ ಎಂದರು. ಮರ ನಿಮ್ಮದೇ, ವಿಂಚು ನನ್ನ ಕಾರ್ಡಿನಲ್ಲಿ ಬಂದದ್ದು ಎಂದು ರಾಜಿ ಡಬ್ಬ ಇಳಿಸಿದಳು, ಬೋಲ್ಟು ಬಿಚ್ಚಿದಳು. ಭಾವ ನಾಳೆಯೇ ಇನ್ನೊಂದು ತರಬಹುದು. ತರಲಿ, ಅದನ್ನು ಆರಿಸಿದ ಕೈ ತನ್ನದಾಗಿರುವುದಿಲ್ಲ.

"ಚಿಕ್ಕಿ, ಕುಕೀ ವಿಲ್ ಕಮ್, ರೈಟ್?" ಎಂದು ನಿಧಿ ಅವಳ ಅಂಗಿ ಜಗ್ಗಿದಳು.

"ಬರಬಾರ್ದು ಕಂದ. ಅಪ್ಪ ಅದನ್ನ ಹೊಡೀಬೇಕು ಅಂತಿದಾರೆ."

ಮಗು ಅಪ್ಪನನ್ನು ನೋಡಿತು. ಭಾವ ಅಡ್ಡಪಟ್ಟಿಯನ್ನು ಬೆನ್ನ ಹಿಂದೆ ಹಿಡಿದುಕೊಂಡಿದ್ದರು.

ರಾಜಿ ಅವಳನ್ನು ಹಿತ್ತಲ ನಲ್ಲಿಗೆ ಕರೆದೊಯ್ದು, ಆ ಪುಟ್ಟ ಬೆರಳುಗಳನ್ನು ಒಂದೊಂದಾಗಿ ಉಜ್ಜಿ ತೊಳೆದಳು. ಮೂಸಿ ನೋಡಿದಳು. ಇನ್ನೂ ಸಿಹಿ ವಾಸನೆ. ಮತ್ತೆ ತೊಳೆದಳು.